ಎಮ್ಮಿ ನೋಥರ್: ಬೋಧನೆಯ ಮೌಲ್ಯಮಾಪನ ಮತ್ತು ಪೂರ್ವಗ್ರಹದ ನೆಲೆಗಳು

ವಿಶ್ವವಿದ್ಯಾಲಯದ ಅಧ್ಯಾಪಕರ ಬೋಧನೆಯನ್ನು ವಿದ್ಯಾರ್ಥಿಗಳಿಂದಲೇ ಅಳೆಯಿಸುವ ಪದ್ಧತಿ ಇಂದು ಉನ್ನತ ಶಿಕ್ಷಣದ ಸಹಜ ಅಂಗವೆಂಬಂತೆ ಸ್ವೀಕೃತವಾಗಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹರ್ಮನ್ ರೆಮ್ಮರ್ಸ್ 1927ರಲ್ಲಿ ರೂಪಿಸಿದ ಮಾಪನಪಟ್ಟಿ ಇದರ ಆರಂಭಿಕ ಮಾದರಿಗಳಲ್ಲೊಂದು. ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯು 2017ರ ತನ್ನ ಪರಿಷ್ಕೃತ ಚೌಕಟ್ಟಿನಲ್ಲಿ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿಕೊಂಡ ಮೇಲೆ ನಮ್ಮ ಕಾಲೇಜುಗಳಿಗೂ ಪ್ರಶ್ನಾವಳಿಯ ಭಾಷೆ ಪರಿಚಿತವಾಯಿತು. ಆದರೆ ಪ್ರಶ್ನಾವಳಿ ಹುಟ್ಟುವುದಕ್ಕೆ ಮೊದಲೂ ಅಧ್ಯಾಪಕರನ್ನು ವಿದ್ಯಾರ್ಥಿಗಳ ಹೆಸರಿನಲ್ಲಿ ತೂಗಿ ನೋಡುವ ಕೆಲಸ ನಡೆದೇ ಇತ್ತು. ಹಾಗೆ ತೂಗುವಾಗ ವಿದ್ಯಾರ್ಥಿಯ ಅಭಿಪ್ರಾಯವೆಂದು ದಾಖಲಾಗುವುದರಲ್ಲಿ ವಿದ್ಯಾರ್ಥಿಯ ಸ್ವಂತದ್ದು ಎಷ್ಟು, ಅವನ ಮೂಲಕ ಮಾತನಾಡುವ ಸಮಾಜದ್ದು ಎಷ್ಟು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಇಪ್ಪತ್ತನೆಯ ಶತಮಾನದ ಬೀಜಗಣಿತದ ದಿಕ್ಕನ್ನೇ ಬದಲಿಸಿದ ಜರ್ಮನ್ ಗಣಿತಜ್ಞೆ ಎಮ್ಮಿ ನೋಥರ್ ಅವರ ಬದುಕು ಈ ಪ್ರಶ್ನೆಯನ್ನು ಅದರ ಎಲ್ಲ ಜಟಿಲತೆಯೊಂದಿಗೆ ಎದುರಿಗಿಡುತ್ತದೆ.

ನೋಥರ್ ಹುಟ್ಟಿದ್ದು 1882ರ ಮಾರ್ಚ್ 23ರಂದು, ಬವೇರಿಯಾದ ಎರ್ಲಾಂಗೆನ್ ಪಟ್ಟಣದಲ್ಲಿ. ತಂದೆ ಮ್ಯಾಕ್ಸ್ ನೋಥರ್ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಯಹೂದಿ ಮನೆತನ. ನಾಲ್ವರು ಮಕ್ಕಳಲ್ಲಿ ಎಮ್ಮಿಯೇ ಹಿರಿಯಳು, ಮತ್ತು ಒಬ್ಬಳೇ ಹೆಣ್ಣುಮಗಳು. ಆ ಕಾಲದ ಮಧ್ಯಮವರ್ಗದ ಹುಡುಗಿಗೆ ತೆರೆದಿದ್ದ ಗೌರವದ ದಾರಿಯೆಂದರೆ ಬಾಲಿಕಾ ಶಾಲೆಗಳಲ್ಲಿ ಭಾಷೆ ಕಲಿಸುವುದು. 1900ರಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಬೋಧಿಸುವ ಅರ್ಹತಾ ಪರೀಕ್ಷೆಯನ್ನು ಅವರು ಮುಗಿಸಿದರು. ಆದರೆ ಆ ವೃತ್ತಿಗೆ ಹೋಗಲಿಲ್ಲ. ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿ ಪಾಠ ಕೇಳಲು ಕುಳಿತರು. ಅದಕ್ಕೆ ಎರಡೇ ವರ್ಷ ಮೊದಲು, 1898ರಲ್ಲಿ, ಅದೇ ವಿಶ್ವವಿದ್ಯಾಲಯದ ಸೆನೆಟ್ ಸಭೆ ಹೆಂಗಸರನ್ನು ಸೇರಿಸಿಕೊಂಡರೆ ವಿದ್ಯಾಸಂಸ್ಥೆಯ ಶಿಸ್ತೇ ಬುಡಮೇಲಾಗುತ್ತದೆಂದು ತೀರ್ಮಾನಿಸಿತ್ತು. ಆದ್ದರಿಂದ ದಾಖಲಾದ ವಿದ್ಯಾರ್ಥಿನಿಯಾಗಿ ಅಲ್ಲ, ಆಯಾ ಪ್ರಾಧ್ಯಾಪಕರ ಅನುಮತಿ ಬೇಡಿ ಪಡೆದ ಶ್ರೋತೃವಾಗಿ ಮಾತ್ರ ಅವರಿಗೆ ಪ್ರವೇಶ. ಒಟ್ಟು 986 ವಿದ್ಯಾರ್ಥಿಗಳ ನಡುವೆ ಇದ್ದ ಹೆಣ್ಣುಮಕ್ಕಳು ಇಬ್ಬರೇ. 1904ರಲ್ಲಿ ನಿಯಮ ಬದಲಾದ ಮೇಲೆ ಅಧಿಕೃತವಾಗಿ ದಾಖಲಾಗಿ, 1907ರಲ್ಲಿ ಪೌಲ್ ಗೋರ್ಡಾನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಮುನ್ನೂರಕ್ಕೂ ಹೆಚ್ಚು ಬೀಜಗಣಿತೀಯ ರೂಪಗಳನ್ನು ಕೈಯಿಂದ ಲೆಕ್ಕಹಾಕಿ ಪಟ್ಟಿಮಾಡಿದ ಆ ಪ್ರಬಂಧವನ್ನು ಮುಂದೆ ಅವರೇ ಕಸವೆಂದು ತಳ್ಳಿಹಾಕಿದರು. ತಮ್ಮ ಕೆಲಸದ ಬಗ್ಗೆ ಅವರಷ್ಟು ನಿರ್ದಯ ಮೌಲ್ಯಮಾಪಕರು ಬೇರೆ ಇರಲಿಲ್ಲ.

ಮುಂದಿನ ಏಳು ವರ್ಷ ಎರ್ಲಾಂಗೆನ್‌ನಲ್ಲಿಯೇ ಸಂಬಳವಿಲ್ಲದೆ, ಹುದ್ದೆಯಿಲ್ಲದೆ ಸಂಶೋಧನೆ ನಡೆಸಿದರು. ತಂದೆಯ ಆರೋಗ್ಯ ಕೈಕೊಟ್ಟಾಗ ಅವರ ಬದಲಿಗೆ ತರಗತಿಗಳನ್ನೂ ತೆಗೆದುಕೊಳ್ಳುತ್ತಿದ್ದರು. ಅಂದರೆ ಒಬ್ಬ ಹೆಂಗಸು ಗಂಡುವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಅಲ್ಲಿ ಸದ್ದಿಲ್ಲದೆ ನಡೆದೇ ಇತ್ತು. ಅದು ತಂದೆಯ ತರಗತಿ, ಮಗಳದಲ್ಲ ಎಂಬ ಭಾವನೆ ಇದ್ದಷ್ಟು ಕಾಲ ಅದು ಯಾರಿಗೂ ಸಮಸ್ಯೆಯಾಗಲಿಲ್ಲ. ಅದೇ ಕೆಲಸಕ್ಕೆ ಅಧಿಕಾರದ ಮುದ್ರೆ ಕೇಳಿದಾಗ ವಿರೋಧ ಎದ್ದಿತು.

1915ರಲ್ಲಿ ಡೇವಿಡ್ ಹಿಲ್ಬರ್ಟ್ ಮತ್ತು ಫೆಲಿಕ್ಸ್ ಕ್ಲೈನ್ ಅವರು ನೋಥರ್ ಅವರನ್ನು ಗಟಿಂಗೆನ್‌ಗೆ ಕರೆಸಿಕೊಂಡರು. ಗಣಿತದ ಮಟ್ಟಿಗೆ ಅದು ಆಗ ಜಗತ್ತಿನ ರಾಜಧಾನಿ. ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಶಕ್ತಿಸಂರಕ್ಷಣೆಯ ತೊಡಕನ್ನು ಬಿಡಿಸಲು ನಿಶ್ಚರಗಳ ಸಿದ್ಧಾಂತ ಬಲ್ಲವರು ಅಲ್ಲಿಗೆ ಬೇಕಾಗಿತ್ತು. ಜರ್ಮನ್ ಪದ್ಧತಿಯಂತೆ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರವಾಗಿ ಬೋಧಿಸಬೇಕಾದರೆ ಡಾಕ್ಟರೇಟಿನ ನಂತರ ಇನ್ನೊಂದು ಅರ್ಹತೆಯನ್ನು ದಾಟಬೇಕು. ಅದಕ್ಕೆ ನೋಥರ್ ಅರ್ಜಿ ಹಾಕಿದರು. ಹೆಂಗಸರಿಗೆ ಈ ಅರ್ಹತೆ ಕೊಡಬಾರದೆಂಬ 1908ರ ಸರ್ಕಾರಿ ಆದೇಶ ಅಡ್ಡವಿತ್ತು; ವಿನಾಯಿತಿ ಕೇಳಲು ನಿಕಾಯದ ಒಪ್ಪಿಗೆ ಬೇಕು. ಗಣಿತ ಮತ್ತು ವಿಜ್ಞಾನದ ಅಧ್ಯಾಪಕರಲ್ಲಿ ಹೆಚ್ಚಿನವರು ಪರವಾಗಿದ್ದರು. ವಿರೋಧ ಬಂದದ್ದು ಮುಖ್ಯವಾಗಿ ಭಾಷಾಶಾಸ್ತ್ರ ಮತ್ತು ಇತಿಹಾಸದ ಪಂಡಿತರಿಂದ. ಮಾನವಿಕ ಶಾಸ್ತ್ರಗಳ ಅಧ್ಯಯನದಲ್ಲಿ ತೊಡಗಿರುವವರು ಈ ಸಂಗತಿಯನ್ನು ಮರೆಯುವಂತಿಲ್ಲ.

ಆ ವಿರೋಧದ ತರ್ಕ ಇಲ್ಲಿ ಬಹುಮುಖ್ಯವಾದುದು. ಯುದ್ಧಭೂಮಿಯಿಂದ ಮರಳುವ ಸೈನಿಕರು ವಿಶ್ವವಿದ್ಯಾಲಯಕ್ಕೆ ಬಂದು ಒಬ್ಬ ಹೆಂಗಸಿನ ಕಾಲ ಬುಡದಲ್ಲಿ ಕುಳಿತು ಕಲಿಯಬೇಕಾಗಿ ಬಂದರೆ ಅವರ ಮನಸ್ಸಿಗೆ ಏನನ್ನಿಸೀತು ಎಂದು ಕೇಳಲಾಯಿತೆಂಬುದು ಗಟಿಂಗೆನ್‌ನ ನೆನಪುಗಳಲ್ಲಿ ಉಳಿದುಬಂದಿದೆ. ವಿಶ್ವವಿದ್ಯಾಲಯವೇನೂ ಸ್ನಾನಗೃಹವಲ್ಲವಲ್ಲ ಎಂದು ಹಿಲ್ಬರ್ಟ್ ಕೊಟ್ಟರೆನ್ನಲಾದ ಉತ್ತರವೇ ಹೆಚ್ಚು ಪ್ರಸಿದ್ಧವಾಗಿದೆ. ಆ ಚಮತ್ಕಾರದ ನೆರಳಿನಲ್ಲಿ ಪ್ರಶ್ನೆಯ ಸ್ವರೂಪ ಮರೆಯಾಗಿಬಿಟ್ಟಿದೆ. ಪಂಡಿತರು ನೋಥರ್ ಅವರ ಪಾಂಡಿತ್ಯವನ್ನು ಪ್ರಶ್ನಿಸಲಿಲ್ಲ, ತಮ್ಮ ಅಸಮಾಧಾನವನ್ನು ತಮ್ಮದೆಂದು ಹೇಳಿಕೊಳ್ಳಲೂ ಇಲ್ಲ. ಇನ್ನೂ ತರಗತಿಗೆ ಬಾರದ, ಕಂದಕಗಳಲ್ಲಿ ಜೀವ ಉಳಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗಳ ಬಾಯಲ್ಲಿ ಆ ಅಸಮಾಧಾನವನ್ನು ಇಟ್ಟರು. ಪಾಠ ಆರಂಭವಾಗುವ ಮೊದಲೇ, ವಿದ್ಯಾರ್ಥಿಗಳು ಇಲ್ಲದ ಸಭೆಯಲ್ಲಿ, ವಿದ್ಯಾರ್ಥಿಗಳ ಹೆಸರಿನಲ್ಲಿ ನಡೆದುಹೋದ ಮೌಲ್ಯಮಾಪನ ಇದು.

ಬೆಂಬಲಿಸಿದವರ ಮಾತೂ ಪೂರ್ವಗ್ರಹದಿಂದ ಮುಕ್ತವಾಗಿರಲಿಲ್ಲ. ಸಂಖ್ಯಾಸಿದ್ಧಾಂತದ ದೊಡ್ಡ ವಿದ್ವಾಂಸ ಎಡ್ಮಂಡ್ ಲಾಂಡೌ ಅವರು ನೋಥರ್ ಪರವಾಗಿ ಬರೆದ ಅಭಿಪ್ರಾಯದಲ್ಲಿ, ಹೆಣ್ಣಿನ ಮೆದುಳು ಗಣಿತದ ಸೃಷ್ಟಿಗೆ ತಕ್ಕುದಲ್ಲವೆಂಬ ತಮ್ಮ ನಂಬಿಕೆಯನ್ನು ಮೊದಲು ದಾಖಲಿಸಿ, ನೋಥರ್ ಮಾತ್ರ ಅಪರೂಪದ ಅಪವಾದವೆಂದು ಸೇರಿಸಿದರು. ಅಪವಾದವೆಂದು ಒಪ್ಪಿಕೊಳ್ಳುವುದರ ಮೂಲಕ ನಿಯಮವನ್ನು ಭದ್ರಪಡಿಸುವ ಕ್ರಮ ಇದು. ಇದೇ ಲಾಂಡೌ ಹದಿನೆಂಟು ವರ್ಷಗಳ ನಂತರ ಇನ್ನೊಂದು ಬಗೆಯ ಪೂರ್ವಗ್ರಹದ ಎದುರು ನಿಲ್ಲಬೇಕಾಗಿ ಬಂದುದನ್ನು ಮುಂದೆ ಗಮನಿಸಬಹುದು.

ಸರ್ಕಾರ ಅನುಮತಿ ಕೊಡಲಿಲ್ಲ. ಹಿಲ್ಬರ್ಟ್ ಇದಕ್ಕೊಂದು ಉಪಾಯ ಕಂಡುಕೊಂಡರು. 1916-17ರ ಚಳಿಗಾಲದ ಪಾಠಪಟ್ಟಿಯಲ್ಲಿ ಗಣಿತ-ಭೌತಶಾಸ್ತ್ರದ ವಿಚಾರಗೋಷ್ಠಿಯೊಂದು ಹಿಲ್ಬರ್ಟ್ ಅವರ ಹೆಸರಿನಲ್ಲಿ ಪ್ರಕಟವಾಯಿತು: ನೋಥರ್ ಸಹಾಯಕರು, ಸೋಮವಾರ ಸಂಜೆ ನಾಲ್ಕರಿಂದ ಆರು, ಶುಲ್ಕವಿಲ್ಲ. ಕೊನೆಯ ವಿವರ ಸಣ್ಣದಲ್ಲ. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಖಾಸಗಿ ಬೋಧಕರೆಂಬ ಕೆಳಸ್ತರದ ಅಧ್ಯಾಪಕರಿಗೆ ಸರ್ಕಾರದ ಸಂಬಳ ಇರುತ್ತಿರಲಿಲ್ಲ. ತಮ್ಮ ತರಗತಿಗೆ ಹೆಸರು ಬರೆಸಿದ ವಿದ್ಯಾರ್ಥಿಗಳು ತೆರುವ ಶುಲ್ಕವೇ ಅವರ ಆದಾಯ. ಹೀಗಾಗಿ ವಿದ್ಯಾರ್ಥಿಯ ಮೆಚ್ಚುಗೆ ಅಲ್ಲಿ ಅಂಕವಾಗಿ ಅಲ್ಲ, ನೇರವಾಗಿ ಹಣವಾಗಿ ಅಳೆಯಲ್ಪಡುತ್ತಿತ್ತು. ನೋಥರ್ ಅವರಿಗೆ ಆ ತಕ್ಕಡಿಯ ಮೇಲೇರುವ ಅವಕಾಶವೂ ಆರಂಭದಲ್ಲಿ ಸಿಗಲಿಲ್ಲ.

ಈ ಅವಧಿಯಲ್ಲಿಯೇ ಅವರು ಭೌತಶಾಸ್ತ್ರಕ್ಕೆ ತಮ್ಮ ಹೆಸರಿನ ಪ್ರಮೇಯವನ್ನು ಕೊಟ್ಟರು. ಪ್ರಕೃತಿನಿಯಮಗಳಲ್ಲಿರುವ ಪ್ರತಿಯೊಂದು ನಿರಂತರ ಸಮಮಿತಿಗೂ ಒಂದು ಸಂರಕ್ಷಣಾ ನಿಯಮ ಜೊತೆಯಾಗಿರುತ್ತದೆಂಬುದು ಅದರ ತಿರುಳು. ಕಾಲ ಬದಲಾದರೂ ನಿಯಮ ಬದಲಾಗದಿರುವುದರಿಂದ ಶಕ್ತಿಯ ಸಂರಕ್ಷಣೆ ಹುಟ್ಟುತ್ತದೆ. 1918ರ ಜುಲೈ 26ರಂದು ಗಟಿಂಗೆನ್‌ನ ರಾಜಾಶ್ರಯದ ವಿಜ್ಞಾನ ಸಂಘದಲ್ಲಿ ಇದನ್ನು ಮಂಡಿಸಿದವರು ಕ್ಲೈನ್. ನೋಥರ್ ಅದರ ಸದಸ್ಯೆಯಾಗಿರಲಿಲ್ಲ. ಕೊನೆಯವರೆಗೂ ಆಗಲಿಲ್ಲ.

ಯುದ್ಧ ಮುಗಿದು ಜರ್ಮನಿ ಗಣರಾಜ್ಯವಾದ ಮೇಲೆ, 1919ರಲ್ಲಿ, ಬೋಧನೆಯ ಅರ್ಹತೆ ಅವರಿಗೆ ದೊರೆಯಿತು. ವಯಸ್ಸು ಆಗ 37. 1922ರಲ್ಲಿ ಪ್ರಾಧ್ಯಾಪಕರೆಂಬ ಬಿರುದು ಬಂತು, ಅದರೊಂದಿಗೆ ಸಂಬಳವೂ ಅಧಿಕಾರವೂ ಬರಲಿಲ್ಲ. ಬೀಜಗಣಿತ ಬೋಧಿಸಲು ಒಂದು ಅಲ್ಪ ಭತ್ಯೆ ದೊರೆತದ್ದು 1923ರಲ್ಲಿ, ಜರ್ಮನಿಯ ಹಣಕ್ಕೆ ಬೆಲೆಯೇ ಇಲ್ಲದಂತಾದ ವರ್ಷದಲ್ಲಿ.

ಇನ್ನು ತರಗತಿಯ ಸಂಗತಿ. ನೋಥರ್ ಒಳ್ಳೆಯ ಅಧ್ಯಾಪಕರಾಗಿದ್ದರೆ? ಅವರನ್ನು ಪ್ರೀತಿಸಿದವರೂ ಇದಕ್ಕೆ ಸುಲಭವಾಗಿ ಹೌದೆಂದಿಲ್ಲ. ಅವರ ಮಾತಿನ ವೇಗಕ್ಕೆ ಕೇಳುವವರು ಸಾಲುತ್ತಿರಲಿಲ್ಲ. ವಾಕ್ಯ ಮುಗಿಯುವ ಮೊದಲೇ ಇನ್ನೊಂದು ಯೋಚನೆ ನುಗ್ಗುತ್ತಿತ್ತು. ಹಲಗೆಯ ಮೇಲೆ ಬರೆದದ್ದನ್ನು ಎದುರಿಗಿದ್ದವರು ಬರೆದುಕೊಳ್ಳುವಷ್ಟರಲ್ಲಿ ಒರೆಸಿಬಿಡುತ್ತಿದ್ದರು. ಸಿದ್ಧಪಡಿಸಿ ತಂದ ಟಿಪ್ಪಣಿಯಿಂದ ಅವರು ಪಾಠ ಮಾಡುತ್ತಿರಲಿಲ್ಲ. ಆ ಹೊತ್ತಿಗೆ ತಮ್ಮನ್ನು ಕಾಡುತ್ತಿದ್ದ, ಇನ್ನೂ ಬಿಡಿಸಲಾಗದ ಸಮಸ್ಯೆಯನ್ನು ವಿದ್ಯಾರ್ಥಿಗಳ ಎದುರಿನಲ್ಲಿಯೇ ಬಿಡಿಸಲು ಹೊರಡುತ್ತಿದ್ದರು. ದಾರಿ ತಪ್ಪಿದರೆ ತಪ್ಪಿದಲ್ಲಿಂದಲೇ ಮತ್ತೆ ಆರಂಭ. ಹೊರಗಿನಿಂದ ಬಂದು ಕುಳಿತವರು ಅರ್ಧ ಗಂಟೆಯಲ್ಲಿ ಎದ್ದುಹೋಗುವುದುಂಟು. ಆಗ ಖಾಯಂ ವಿದ್ಯಾರ್ಥಿಗಳು ಶತ್ರುಪಡೆ ಸೋತು ಓಡಿತೆಂದು ನಗುತ್ತಿದ್ದರು. ಎರಡು ಗಂಟೆಯ ತರಗತಿಯ ನಡುವಿನ ಬಿಡುವಿನಲ್ಲಿ, ಮುಡಿ ಬಿಚ್ಚಿ ಹರಡಿಹೋಗಿದೆ ಎಂದು ತಿಳಿಸಲು ಇಬ್ಬರು ವಿದ್ಯಾರ್ಥಿನಿಯರು ಹತ್ತಿರ ಹೋಗಿ, ಗಣಿತದ ಚರ್ಚೆಯ ಭರಾಟೆಯಲ್ಲಿ ಮಾತು ತೂರಿಸಲಾರದೆ ಮರಳಿದರೆಂಬ ಪ್ರಸಂಗವೂ ಇದೆ.

ಸಾಧಾರಣ ವಿದ್ಯಾರ್ಥಿಯ ದೂರು ಸುಳ್ಳಲ್ಲ. ಅವನಿಗೆ ಅರ್ಥವಾಗಲಿಲ್ಲ ಎಂದರೆ ಅರ್ಥವಾಗಲಿಲ್ಲ, ಅಷ್ಟೆ. ನೋಥರ್ ಅವರನ್ನು ಆರಾಧಿಸುವ ಬರಹಗಳು ಈ ದೂರನ್ನು ಕಡೆಗಣಿಸುವುದು ನ್ಯಾಯವಲ್ಲ. ಆದರೆ ಅದೇ ತರಗತಿಯಲ್ಲಿ ಕೊನೆಯವರೆಗೆ ಕುಳಿತ ಬೆರಳೆಣಿಕೆಯ ಮಂದಿಗೆ ಏನಾಯಿತೆಂಬುದನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಡಚ್ ತರುಣ ವಾನ್ ಡರ್ ವಾರ್ಡೆನ್ 1924ರಲ್ಲಿ ಗಟಿಂಗೆನ್‌ಗೆ ಬಂದವರು. ನೋಥರ್ ಮತ್ತು ಎಮಿಲ್ ಆರ್ಟಿನ್ ಅವರ ಪಾಠಗಳನ್ನು ಆಧರಿಸಿ ಅವರು 1930-31ರಲ್ಲಿ ಹೊರತಂದ ಆಧುನಿಕ ಬೀಜಗಣಿತದ ಎರಡು ಸಂಪುಟಗಳು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಆ ವಿಷಯವನ್ನು ಕಲಿಸುವ ಬಗೆಯನ್ನೇ ಬದಲಾಯಿಸಿದವು. ಯಾರ ತರಗತಿ ಅರ್ಥವಾಗುವುದಿಲ್ಲವೆಂದು ಹುಡುಗರು ಎದ್ದುಹೋದರೋ ಅವರ ತರಗತಿಯೇ ಪಠ್ಯವಾಗಿ ಲಕ್ಷಾಂತರ ಹುಡುಗರ ಎದುರಿಗೆ ಬಂದಿತು. ಗಟಿಂಗೆನ್‌ನಲ್ಲಿ ನೋಥರ್ ಮಾರ್ಗದರ್ಶನದ ಮೊದಲ ಡಾಕ್ಟರೇಟ್ ಪಡೆದ ಗ್ರೇಟೆ ಹರ್ಮನ್ ಮುಂದೆ ಕ್ವಾಂಟಂ ಸಿದ್ಧಾಂತದ ಒಂದು ಪ್ರಸಿದ್ಧ ಸಾಧನೆಯಲ್ಲಿನ ದೋಷವನ್ನು 1935ರಲ್ಲಿಯೇ ಎತ್ತಿ ತೋರಿಸಿದರು. ಮ್ಯಾಕ್ಸ್ ಡ್ಯೂರಿಂಗ್, ಅರ್ನ್ಸ್ಟ್ ವಿಟ್, ಯಾಕೋಬ್ ಲೆವಿಟ್ಸ್ಕಿ ಮೊದಲಾದವರ ಹೆಸರುಗಳು ಬೀಜಗಣಿತದ ಪರಿಭಾಷೆಯಲ್ಲಿಯೇ ಸೇರಿಹೋಗಿವೆ. ಅಂದಿನ ಸಂತೃಪ್ತಿ ಬೇರೆ, ಉಳಿದು ಬೆಳೆಯುವ ಕಲಿಕೆ ಬೇರೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ.

ಅವರ ಔದಾರ್ಯದ ಒಂದು ಪ್ರಸಂಗವನ್ನು ವಾನ್ ಡರ್ ವಾರ್ಡೆನ್ ತಾವೇ ನೆನಪಿಸಿಕೊಂಡಿದ್ದಾರೆ. ಬೀಜಗಣಿತೀಯ ರೇಖಾಗಣಿತದ ಬುನಾದಿಯ ಬಗ್ಗೆ ತಾವು ಹೊಸದೆಂದು ಭಾವಿಸಿ ಬರೆದ ಲೇಖನವನ್ನು ಅವರು ನೋಥರ್ ಕೈಗಿಟ್ಟರು. ನೋಥರ್ ಅದನ್ನು ಮೆಚ್ಚಿ ಪ್ರಕಟಣೆಗೆ ಕಳಿಸಿದರು. ಅದೇ ವಿಚಾರವನ್ನು ತಾವು ಮೊದಲೇ ತರಗತಿಯಲ್ಲಿ ಹೇಳಿಯಾಗಿತ್ತೆಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಸಹಪಾಠಿಯೊಬ್ಬರಿಂದ ಅದು ಬಹಳ ನಂತರ ತಿಳಿಯಿತು. ಬೋಧನೆಯ ಈ ಮುಖವನ್ನು ಯಾವ ಮಾಪನಪಟ್ಟಿಯ ಯಾವ ಕಾಲಮ್ಮಿನಲ್ಲಿ ತುಂಬಬೇಕೆಂಬುದು ಸುಲಭದ ಮಾತಲ್ಲ.

ಅಸ್ತವ್ಯಸ್ತವಾಗಿ ಪಾಠ ಮಾಡುವ, ಉಡುಗೆಯ ಕಡೆ ಲಕ್ಷ್ಯವಿಲ್ಲದ, ಗಟ್ಟಿ ದನಿಯ ಗಂಡು ಪ್ರಾಧ್ಯಾಪಕರು ಗಟಿಂಗೆನ್‌ಗೆ ಹೊಸಬರಾಗಿರಲಿಲ್ಲ. ಹಿಲ್ಬರ್ಟ್ ಕೂಡ ತರಗತಿಯಲ್ಲಿ ಸಾಧನೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದುದು ಪ್ರಸಿದ್ಧ. ಅವರಲ್ಲಿ ಅದು ಪ್ರತಿಭೆಯ ಲಕ್ಷಣವಾಯಿತು. ನೋಥರ್ ಅವರಲ್ಲಿ ಅದೇ ಗುಣ ಹೆಣ್ತನದ ಕೊರತೆಯಾಗಿ ವರ್ಣಿತವಾಯಿತು. ಸಹೋದ್ಯೋಗಿಗಳು ತಮಾಷೆಗೆ ಅವರ ಹೆಸರಿನ ಹಿಂದೆ ಜರ್ಮನ್ ಭಾಷೆಯ ಪುಲ್ಲಿಂಗದ ಉಪಪದವನ್ನು ಸೇರಿಸಿ ಕರೆಯುತ್ತಿದ್ದರು. ಕನ್ನಡದ ಗೌರವಸೂಚಕ ಬಹುವಚನ ಲಿಂಗವನ್ನು ಮರೆಮಾಡಿ ಎಲ್ಲರನ್ನೂ ಅವರು ಎಂಬ ಒಂದೇ ಪದದಲ್ಲಿ ಕೂರಿಸುತ್ತದೆ. ಜರ್ಮನ್ ವ್ಯಾಕರಣದಲ್ಲಿ ಗೌರವ ಸಲ್ಲಿಸುವುದಕ್ಕೂ ಆಕೆಯನ್ನು ಗಂಡಾಗಿಸಬೇಕಾಯಿತು. 1935ರಲ್ಲಿ ಹರ್ಮನ್ ವೈಲ್ ಅವರು ಮಾಡಿದ ಸ್ಮರಣ ಭಾಷಣ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಶ್ರದ್ಧಾಂಜಲಿಗಳಲ್ಲೊಂದು. ಅಲ್ಲಿಯೂ ನೋಥರ್ ಅವರ ತೊಟ್ಟಿಲ ಬಳಿ ಸೌಂದರ್ಯದೇವತೆಗಳು ನಿಂತಿರಲಿಲ್ಲವೆಂಬ ಮಾತು ಬರುತ್ತದೆ. ಗಂಡು ಗಣಿತಜ್ಞರ ಸ್ಮರಣೆಯಲ್ಲಿ ಅಂಥ ವಾಕ್ಯಕ್ಕೆ ಅಗತ್ಯವೇ ಬೀಳುವುದಿಲ್ಲ.

ಗುಣ ಒಂದೇ ಆಗಿದ್ದರೂ ಅದು ಯಾರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದರ ಮೇಲೆ ಬೆಲೆ ಬದಲಾಗುವುದನ್ನು ಇತ್ತೀಚಿನ ಸಂಶೋಧನೆಗಳು ಅಳೆಯಲು ಯತ್ನಿಸಿವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಮುಖ ನೋಡದ ಅಂತರ್ಜಾಲ ತರಗತಿಯಲ್ಲಿ ಒಬ್ಬ ಬೋಧಕ ಮತ್ತು ಒಬ್ಬ ಬೋಧಕಿ ಕೆಲವು ಗುಂಪುಗಳಿಗೆ ಪರಸ್ಪರ ಹೆಸರು ಬದಲಿಸಿಕೊಂಡು ಪಾಠ ಮಾಡಿದರು. ಉತ್ತರಪತ್ರಿಕೆಗಳನ್ನು ಇಬ್ಬರೂ ಒಂದೇ ಸಮಯಕ್ಕೆ ಹಿಂದಿರುಗಿಸಿದರು. ಆದರೂ ಸಮಯಪಾಲನೆಗೆ ಗಂಡು ಹೆಸರಿಗೆ ಐದರಲ್ಲಿ 4.35, ಹೆಣ್ಣು ಹೆಸರಿಗೆ 3.55 ಅಂಕ ಬಂತು. ಪ್ರತಿಕ್ರಿಯಿಸಿದ ವಿದ್ಯಾರ್ಥಿಗಳು 43 ಮಂದಿ ಮಾತ್ರ, ಆದ್ದರಿಂದ ಇದನ್ನು ಸಾರ್ವತ್ರಿಕ ಸತ್ಯವೆಂದು ಎತ್ತಿಹಿಡಿಯಲಾಗದು. ಆದರೆ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಾವಿರಾರು ಮೌಲ್ಯಮಾಪನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೂ ಅದೇ ದಿಕ್ಕಿನಲ್ಲಿದೆ: ವಿಶೇಷವಾಗಿ ಗಂಡುವಿದ್ಯಾರ್ಥಿಗಳು ಅಧ್ಯಾಪಕಿಯರಿಗೆ ಕಡಿಮೆ ಅಂಕ ಕೊಟ್ಟರು, ಆದರೆ ಅಧ್ಯಾಪಕಿಯರ ಬಳಿ ಕಲಿತವರ ಪರೀಕ್ಷಾ ಫಲಿತಾಂಶವೇನೂ ಕುಗ್ಗಿರಲಿಲ್ಲ. ಗಣಿತದಂಥ ವಿಷಯಗಳಲ್ಲಿ ಈ ಅಂತರ ಇನ್ನಷ್ಟು ದೊಡ್ಡದಾಗಿತ್ತು.

1920ರ ದಶಕದ ಕೊನೆಗೆ ನೋಥರ್ ಅವರ ಖ್ಯಾತಿ ಜರ್ಮನಿಯ ಗಡಿ ದಾಟಿತ್ತು. 1928-29ರ ಚಳಿಗಾಲವನ್ನು ಮಾಸ್ಕೋದಲ್ಲಿ ಬೋಧಿಸುತ್ತ ಕಳೆದರು. 1932ರಲ್ಲಿ ಜ್ಯೂರಿಕ್‌ನ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಪೂರ್ಣಾಧಿವೇಶನದ ಉಪನ್ಯಾಸ ಕೊಟ್ಟರು. ಅವರಿಗೆ ಮೇಲಿನ ಹುದ್ದೆ ಕೊಡಿಸಲು 1930ರಲ್ಲಿ ಗಟಿಂಗೆನ್‌ಗೆ ಬಂದ ವೈಲ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ತಮಗಿಂತ ಮೇಲಿನವರೆಂದು ತಾವೇ ಬಲ್ಲ ಗಣಿತಜ್ಞೆಯ ಪಕ್ಕದಲ್ಲಿ ದೊಡ್ಡ ಪೀಠದ ಮೇಲೆ ಕುಳಿತಿರಲು ತಮಗೆ ನಾಚಿಕೆಯಾಗುತ್ತಿತ್ತೆಂದು ವೈಲ್ ನಂತರ ಹೇಳಿಕೊಂಡರು.

ಈ ವೇಳೆಗೆ ವಿದ್ಯಾರ್ಥಿ ಜಗತ್ತೇ ಬದಲಾಗುತ್ತಿತ್ತು. ಜರ್ಮನಿಯ ವಿದ್ಯಾರ್ಥಿ ಸಂಘಗಳು ದೇಶದ ಅಧಿಕಾರಕ್ಕಿಂತ ಮೊದಲೇ ನಾಜಿಗಳ ಕೈಗೆ ಹೋದವು. ನೋಥರ್ ವಾಸವಿದ್ದ ವಸತಿಗೃಹದಲ್ಲಿ ಎಡಪಂಥದ ಒಲವಿನ ಯಹೂದಿ ಹೆಂಗಸಿನೊಂದಿಗೆ ಒಂದೇ ಸೂರಿನಡಿ ಇರಲಾರೆವೆಂದು ವಿದ್ಯಾರ್ಥಿ ಮುಖಂಡರು ತಕರಾರು ತೆಗೆದದ್ದರಿಂದ ಅವರು ಮನೆ ಬಿಡಬೇಕಾಯಿತು. 1933ರ ಏಪ್ರಿಲ್ 7ರ ಕಾಯಿದೆ ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕಿತು. ಅದೇ ತಿಂಗಳ 25ರಂದು ಗಟಿಂಗೆನ್‌ನಲ್ಲಿ ಬೋಧನೆಯಿಂದ ದೂರವಿರುವಂತೆ ಆದೇಶ ಪಡೆದವರಲ್ಲಿ ಮ್ಯಾಕ್ಸ್ ಬಾರ್ನ್, ರಿಚರ್ಡ್ ಕೊರಾಂಟ್ ಮತ್ತು ನೋಥರ್ ಇದ್ದರು. ಈ ಪೈಕಿ ಬಾರ್ನ್ ಅವರು ಸಿ.ವಿ. ರಾಮನ್ ಅವರ ಆಹ್ವಾನದಂತೆ 1935-36ರ ಚಳಿಗಾಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದರು. ತನ್ನ ದೇಶದಿಂದಲೇ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಗೆ ಖಾಯಂ ಹುದ್ದೆ ಏಕೆಂದು ಅಲ್ಲಿಯ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಆಕ್ಷೇಪಿಸಿದ್ದನ್ನು ಬಾರ್ನ್ ನೋವಿನಿಂದ ನೆನೆದಿದ್ದಾರೆ. 1954ರಲ್ಲಿ ಅವರಿಗೆ ನೊಬೆಲ್ ಬಂತು.

ನೋಥರ್ ಅವರನ್ನು ಉಳಿಸಿಕೊಳ್ಳಲು ಹೆಲ್ಮುಟ್ ಹಾಸೆ ಹದಿನಾಲ್ಕು ಮಂದಿ ಗಣಿತಜ್ಞರಿಂದ ಅಭಿಪ್ರಾಯಪತ್ರಗಳನ್ನು ಸಂಗ್ರಹಿಸಿ ಸಲ್ಲಿಸಿದರು. ವಿದ್ಯಾರ್ಥಿಗಳೂ ಸುಮ್ಮನಿರಲಿಲ್ಲ. ಹನ್ನೆರಡು ಮಂದಿ ಸಹಿಹಾಕಿದ ಮನವಿಯೊಂದನ್ನು ಅವರು ಕೊಟ್ಟರು. ಅಧ್ಯಾಪಕಿಯೊಬ್ಬರ ಬಗ್ಗೆ ವಿದ್ಯಾರ್ಥಿಗಳು ಪ್ರಾಣಭಯದ ಕಾಲದಲ್ಲಿ ಬರೆದ ಮೌಲ್ಯಮಾಪನ ಅದು. ಓದುವವರನ್ನು ಅದು ತಬ್ಬಿಬ್ಬುಗೊಳಿಸುತ್ತದೆ. ನೋಥರ್ ಅವರ ಶಿಷ್ಯರೆಲ್ಲ ಆರ್ಯರಾಗಿರುವುದು ಆಕಸ್ಮಿಕವಲ್ಲ, ಗಣಿತದ ಸ್ವರೂಪದ ಬಗೆಗಿನ ಅವರ ಕಲ್ಪನೆ ಆರ್ಯ ಚಿಂತನೆಗೆ ಹೊಂದುವಂಥದು ಎಂಬ ವಾದ ಅದರಲ್ಲಿದೆ. ಗುರುವನ್ನು ಉಳಿಸಲು ಗುರುವನ್ನು ಹೊರಹಾಕಿದ ಭಾಷೆಯನ್ನೇ ಬಳಸಬೇಕಾಯಿತು. ಪ್ರೀತಿಯಿಂದ ಬರೆದ ಮಾತೂ ಪೂರ್ವಗ್ರಹದ ಅಚ್ಚಿನಲ್ಲಿಯೇ ಎರಕಗೊಂಡಿತು. ಆ ಹನ್ನೆರಡು ಮಂದಿಯನ್ನು ಇದಕ್ಕಾಗಿ ಹಳಿಯುವುದು ದೂರದಲ್ಲಿ ಕುಳಿತವರಿಗೆ ಸುಲಭ. ಮನವಿಯಿಂದ ಪ್ರಯೋಜನವಾಗಲಿಲ್ಲ. ಆ ಬೇಸಗೆಯಲ್ಲಿ ನೋಥರ್ ತಮ್ಮ ಮನೆಯಲ್ಲಿಯೇ ಪಾಠ ಮುಂದುವರಿಸಿದರು. ಪ್ರತಿಭಾವಂತ ಶಿಷ್ಯ ವಿಟ್ ನಾಜಿ ದಳದ ಕಂದು ಸಮವಸ್ತ್ರ ತೊಟ್ಟು ಅಲ್ಲಿಗೇ ಬಂದು ಕುಳಿತ. ಅವರು ಅದನ್ನು ಗಮನಿಸದವರಂತೆ ಪಾಠ ಹೇಳಿದರು.

ಲಾಂಡೌ ಅವರ ಸರದಿ ನವೆಂಬರ್ 2ಕ್ಕೆ ಬಂತು. ಒಂದೊಂದು ವಾಕ್ಯವನ್ನೂ ಕಡೆದಿಟ್ಟಂತೆ, ಒಂದು ಹೆಜ್ಜೆಯನ್ನೂ ಬಿಡದೆ ಪಾಠ ಮಾಡುತ್ತಿದ್ದವರೆಂದು ಅವರಿಗೆ ಹೆಸರಿತ್ತು. ನೋಥರ್ ಅವರಲ್ಲಿ ಇಲ್ಲವೆಂದು ದೂರಲಾದ ಅಚ್ಚುಕಟ್ಟುತನವೆಲ್ಲ ಅವರಲ್ಲಿತ್ತು. ಆ ದಿನ ಕಲನಶಾಸ್ತ್ರದ ತರಗತಿಗೆ ಅವರು ಬಂದಾಗ ವಿದ್ಯಾರ್ಥಿಗಳೆಲ್ಲ ಹೊರಗೆ ನಿಂತಿದ್ದರು, ಕೊಠಡಿಯೊಳಗೆ ಇದ್ದದ್ದು ಒಬ್ಬ ಮಾತ್ರ. ಬಹಿಷ್ಕಾರದ ಮುಂದಾಳು ಇಪ್ಪತ್ತು ವರ್ಷದ ಓಸ್ವಾಲ್ಡ್ ಟೈಶ್‌ಮ್ಯುಲರ್, ಸ್ವತಃ ಅಸಾಧಾರಣ ಗಣಿತ ಪ್ರತಿಭೆ. ಕಾರಣವನ್ನು ಬರೆದು ಕೊಡುವಂತೆ ಲಾಂಡೌ ಕೇಳಿದರು, ಅವನು ಬರೆದುಕೊಟ್ಟ. ಲಾಂಡೌ ಅವರ ವಿದ್ವತ್ತಿನ ಬಗ್ಗೆ ಅಲ್ಲಿ ಆಕ್ಷೇಪವಿಲ್ಲ. ಜರ್ಮನ್ ವಿದ್ಯಾರ್ಥಿಗಳ ಮನಸ್ಸನ್ನು ರೂಪಿಸುವ ಮೊದಲ ಹಂತದ ಪಾಠವನ್ನು ಅನ್ಯ ಜನಾಂಗದವರು ಹೇಳಬಾರದೆಂಬುದೇ ವಾದ. ಮರುವರ್ಷ ಬರ್ಲಿನ್‌ನ ಗಣಿತಜ್ಞ ಲುಡ್ವಿಗ್ ಬೀಬರ್‌ಬಾಖ್ ಈ ಘಟನೆಗೆ ಶಾಸ್ತ್ರದ ಉಡುಪು ತೊಡಿಸಿದ. ಬೋಧನೆಯ ಶೈಲಿ ಜನಾಂಗದಿಂದ ಹುಟ್ಟುತ್ತದೆ, ಲಾಂಡೌ ಶೈಲಿ ಜರ್ಮನ್ ಮನಸ್ಸಿಗೆ ಒಗ್ಗದು, ವಿದ್ಯಾರ್ಥಿಗಳು ಅದನ್ನು ತಮ್ಮ ಸಹಜ ಪ್ರವೃತ್ತಿಯಿಂದಲೇ ಕಂಡುಕೊಂಡರೆಂದು ಪ್ರತಿಪಾದಿಸಿದ. 1915ರಲ್ಲಿ ಪಂಡಿತರು ತಮ್ಮ ಪೂರ್ವಗ್ರಹವನ್ನು ವಿದ್ಯಾರ್ಥಿಗಳ ಬಾಯಿಗೆ ಹಾಕಿದ್ದರು. 1934ರಲ್ಲಿ ಪಂಡಿತನೊಬ್ಬ ವಿದ್ಯಾರ್ಥಿಗಳ ಪೂರ್ವಗ್ರಹವನ್ನು ಎತ್ತಿಕೊಂಡು ಅದನ್ನೇ ಬೋಧನೆಯ ಅಳತೆಗೋಲಾಗಿಸಿದ. ಲಾಂಡೌ ಮತ್ತೆ ಗಟಿಂಗೆನ್‌ನಲ್ಲಿ ಪಾಠ ಮಾಡಲಿಲ್ಲ. 1938ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು.

ನೋಥರ್ 1933ರ ಕೊನೆಗೆ ಅಮೆರಿಕಕ್ಕೆ ಹೋದರು. ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜಿನ ಗಣಿತ ವಿಭಾಗದ ಮುಖ್ಯಸ್ಥೆ ಆನಾ ಪೆಲ್ ವೀಲರ್ ಹಿಂದೆ ಗಟಿಂಗೆನ್‌ನಲ್ಲಿ ಓದಿದವರು. ಬಂದವರು ಯಾರೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಂಗಸರೇ ಸಹೋದ್ಯೋಗಿಗಳಾಗಿ ಹೆಂಗಸರಿಗೇ ಪಾಠ ಹೇಳುವ ಅನುಭವ ನೋಥರ್ ಅವರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಹೊಸದಾಗಿ ಒದಗಿತು. ಇಂಗ್ಲಿಷಿನಲ್ಲಿ ಆರಂಭವಾದ ಪಾಠ ವಿಷಯ ಬಿಗಿಯಾದಾಗ ಜರ್ಮನ್‌ಗೆ ಜಾರುತ್ತಿತ್ತು. ಅಲ್ಲಿಯೂ ಅದೇ ವೇಗ, ಅದೇ ಚೆಲ್ಲಾಪಿಲ್ಲಿ. ರೂತ್ ಸ್ಟಾಫರ್, ಮೇರಿ ವೈಸ್, ಗ್ರೇಸ್ ಶೋವರ್, ಓಲ್ಗಾ ಟೌಸ್ಕಿ ಎಂಬ ನಾಲ್ವರು ಅವರ ಸುತ್ತ ಸೇರಿದರು. ದೀರ್ಘ ನಡಿಗೆಗಳಲ್ಲಿ ಚರ್ಚೆ ಮುಂದುವರಿಯುತ್ತಿತ್ತು. ಮಾತಿನಲ್ಲಿ ಮುಳುಗಿದ ಗುರುವನ್ನು ರಸ್ತೆಯ ವಾಹನಗಳಿಂದ ಕಾಪಾಡುವುದು ಶಿಷ್ಯೆಯರ ಪಾಲಿನ ಕೆಲಸ. 1934ರಿಂದ ವಾರಕ್ಕೊಮ್ಮೆ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಉಪನ್ಯಾಸ ಕೊಡುತ್ತಿದ್ದರು. ಆ ಊರಿನ ಗಂಡಸರ ವಿಶ್ವವಿದ್ಯಾಲಯದಲ್ಲಿ ಮಾತ್ರ ಹೆಣ್ಣಿಗೆ ಸ್ವಾಗತವಿಲ್ಲವೆಂಬುದನ್ನು ಅವರು ಕಂಡುಕೊಂಡಿದ್ದರು.

1935ರ ಏಪ್ರಿಲ್ 10ರಂದು ಅವರಿಗೆ ಗೆಡ್ಡೆಯೊಂದರ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುತ್ತಿದ್ದಾರೆಂದು ಎಲ್ಲರೂ ನಂಬಿದ್ದಾಗ 14ರಂದು ಹಠಾತ್ತನೆ ತೀರಿಕೊಂಡರು. ವಯಸ್ಸು 53. ಐನ್‌ಸ್ಟೈನ್ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದು ಅವರ ಪ್ರತಿಭೆಯನ್ನು ಜಗತ್ತಿಗೆ ಸಾರಿದರು. ವಾನ್ ಡರ್ ವಾರ್ಡೆನ್ ಯಹೂದಿ ಗುರುವಿನ ಸ್ಮರಣಲೇಖನವನ್ನು ನಾಜಿ ಜರ್ಮನಿಯ ಗಣಿತ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಸ್ಟಾಫರ್ ಅವರ ಡಾಕ್ಟರೇಟ್ ಪ್ರಬಂಧ ಆಗ ಮುಗಿಯುವ ಹಂತದಲ್ಲಿತ್ತು. ಗುರುವಿಲ್ಲದೆ, ಜರ್ಮನಿಯಿಂದಲೇ ವಲಸೆ ಬಂದಿದ್ದ ರಿಚರ್ಡ್ ಬ್ರೌವರ್ ಅವರ ಎದುರು ಪರೀಕ್ಷೆಗೆ ಕುಳಿತು ಅದೇ ವರ್ಷ ಪದವಿ ಪಡೆದರು. ನೋಥರ್ ಅವರ ಚಿತಾಭಸ್ಮವನ್ನು ಬ್ರಿನ್ ಮಾರ್ ಕಾಲೇಜಿನ ಗ್ರಂಥಾಲಯದ ಒಳಾಂಗಣದ ಸುತ್ತುಹಾದಿಯಲ್ಲಿ, ವಿದ್ಯಾರ್ಥಿನಿಯರು ನಡೆದಾಡುವ ಕಲ್ಲುಹಾಸಿನ ಕೆಳಗೆ ಇರಿಸಲಾಗಿದೆ.